ಮೇಲಿಂಗ್ ಲಿಸ್ಟ್‌ಗೆ ಉತ್ತರ ಬರೆಯುವ ಬಗೆ: ಎಷ್ಟು ಉಳಿಸಬೇಕು, ಎಷ್ಟು ಕತ್ತರಿಸಬೇಕು

ಮೇಲಿಂಗ್ ಲಿಸ್ಟ್ ಅಂದರೆ ಒಂದು ವಿಳಾಸಕ್ಕೆ ಕಳಿಸಿದ ಮೇಲ್ ಸೇರಿದವರೆಲ್ಲರಿಗೂ ಹೋಗುವ ಗುಂಪು. ಅಲ್ಲಿ ಒಂದು ಮೇಲ್ ಬರುತ್ತದೆ. ಮೇಲ್ಗಡೆ ಒಂದೇ ಸಾಲು: “ಹೌದು, ನನಗೂ ಹಾಗೇ ಆಗಿತ್ತು. ಥ್ಯಾಂಕ್ಸ್.” ಅದರ ಕೆಳಗೆ ಇನ್ನೂರು ಮುನ್ನೂರು ಸಾಲು. ಹಿಂದಿನ ಏಳೆಂಟು ಮೇಲ್‌ಗಳು, ಅವುಗಳ ಸಿಗ್ನೇಚರ್‌ಗಳು, ಯಾವುದೋ ಕಂಪನಿಯ ಕಾನೂನು ಎಚ್ಚರಿಕೆ, ಲಿಸ್ಟಿನ ಅಡಿಟಿಪ್ಪಣಿ ನಾಲ್ಕು ಸಲ. “ಹೌದು” ಅಂದಿದ್ದು ಯಾವ ಮಾತಿಗೆ? ಗೊತ್ತಾಗಬೇಕಾದರೆ ಅಷ್ಟನ್ನೂ ಓದಬೇಕು. ಓದಿದರೂ ಗೊತ್ತಾಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಹಾಗೆ ಕಳಿಸಿದವರಿಗೆ ಒಂದು ನಿಮಿಷ ಉಳಿಯಿತು. ಲಿಸ್ಟಿನಲ್ಲಿ ಐನೂರು ಜನ ಇದ್ದರೆ ಐನೂರು ಜನರ ಒಂದೊಂದು ನಿಮಿಷ ಹೋಯಿತು. ಕೋಟ್ ಮಾಡುವ (ಹಳೆಯ ಮಾತನ್ನು ಉತ್ತರದಲ್ಲಿ ಎತ್ತಿ ಹಾಕುವ), ಟ್ರಿಮ್ ಮಾಡುವ (ಬೇಡದ್ದನ್ನು ಕತ್ತರಿಸುವ) ಶಿಷ್ಟಾಚಾರ ಅಂತ ಏನೇನು ಹೇಳುತ್ತಾರೋ ಅದೆಲ್ಲ ಹುಟ್ಟಿದ್ದು ಈ ಲೆಕ್ಕದಿಂದ. ನಿಮ್ಮ ಮೇಲ್ ಒಂದನ್ನೇ ತೆರೆದು ನೋಡಿದವರಿಗೂ ಅದು ಅರ್ಥವಾಗಬೇಕು. ಅದಕ್ಕೆ ಬೇಕಾದಷ್ಟು ಹಳೆಯ ಮಾತು ಇರಲಿ, ಉಳಿದದ್ದು ಹೋಗಲಿ. ಮೇಲೆ ಬರೆಯಬೇಕೋ ಕೆಳಗೆ ಬರೆಯಬೇಕೋ ಅಂತ ಜನ ದಶಕಗಳಿಂದ ಜಗಳ ಆಡಿದ್ದಾರೆ. ನನ್ನನ್ನು ಕೇಳಿದರೆ ಕತ್ತರಿಸುವುದೇ ದೊಡ್ಡ ವಿಷಯ. ಸರಿಯಾಗಿ ಕತ್ತರಿಸಿದರೆ ಎಲ್ಲಿ ಬರೆಯಬೇಕು ಅನ್ನುವುದು ಮುಕ್ಕಾಲು ಪಾಲು ತಾನೇ ತೀರ್ಮಾನವಾಗುತ್ತದೆ.

ಆಫೀಸಿನ ಅಭ್ಯಾಸ ಇಲ್ಲಿ ಯಾಕೆ ಕೆಲಸಕ್ಕೆ ಬರುವುದಿಲ್ಲ

ನಮ್ಮಲ್ಲಿ ಬಹಳ ಜನ ಇಮೇಲ್ ಬರೆಯಲು ಕಲಿತದ್ದು ಆಫೀಸಿನಲ್ಲಿ. ಅಲ್ಲಿ “ಟ್ರೇಲ್ ಮೇಲ್ ನೋಡಿ” ಅನ್ನುವುದು ದಿನನಿತ್ಯದ ಮಾತು, ಅಂದರೆ ಕೆಳಗೆ ಬಾಲದಂತೆ ಬರುವ ಹಳೆಯ ಮೇಲ್‌ಗಳನ್ನು ನೋಡಿ ಅಂತ. ಮ್ಯಾನೇಜರ್ ಮೂರನೇ ದಿನ ಯಾರನ್ನೋ ಸಿಸಿಗೆ ಸೇರಿಸುತ್ತಾರೆ. ಅವರಿಗೆ ಹಿಂದಿನದು ಏನೂ ಗೊತ್ತಿರುವುದಿಲ್ಲ, ಹುಡುಕಲು ಬೇರೆ ಜಾಗವೂ ಇಲ್ಲ. ಆಗ ಇಡೀ ಬಾಲ ಜೊತೆಗಿದ್ದರೆ ಅನುಕೂಲ. “ನಾನು ಆವತ್ತೇ ಹೇಳಿದ್ದೆ” ಅಂತ ತೋರಿಸುವುದಕ್ಕೂ ಆ ಬಾಲ ಬೇಕು, ಅದು ಬೇರೆ ಮಾತು.

ಲಿಸ್ಟಿನಲ್ಲಿ ಹಾಗಿಲ್ಲ. ಹಿಂದಿನ ಪ್ರತಿ ಮೇಲೂ ಎಲ್ಲರಿಗೂ ಆಗಲೇ ತಲುಪಿದೆ. ತಡವಾಗಿ ಸೇರಿದವರಿಗೆ ಆರ್ಕೈವ್, ಅಂದರೆ ಹಳೆಯ ಮೇಲ್‌ಗಳ ಸಂಗ್ರಹ ಇದೆ. ಲಿನಕ್ಸ್ ಕರ್ನಲ್‌ನ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಲಿಸ್ಟುಗಳ ಮೇಲ್‌ಗಳೆಲ್ಲ ವೆಬ್ಬಿನಲ್ಲಿ ಸಾರ್ವಜನಿಕವಾಗಿ ಸಿಗುತ್ತವೆ, ಯಾರು ಬೇಕಾದರೂ ಹುಡುಕಬಹುದು. ಹಾಗಿರುವಾಗ ಇಡೀ ಹಳೆಯ ಮೇಲನ್ನು ಮತ್ತೆ ಹೊತ್ತು ತಂದರೆ ಹುಡುಕುವವರಿಗೂ ತೊಂದರೆ. ಒಂದೇ ವಾಕ್ಯ ಹನ್ನೆರಡು ಮೇಲ್‌ಗಳಲ್ಲಿ ಸಿಗುತ್ತದೆ, ಮೂಲ ಯಾವುದು ಅಂತ ತಿಳಿಯುವುದಿಲ್ಲ.

ಇದು ಹೊಸ ತಕರಾರೇನಲ್ಲ. 1995ರ ಅಕ್ಟೋಬರಿನಲ್ಲಿ ಬಂದ ಆರ್‌ಎಫ್‌ಸಿ 1855 ಎಂಬ ಇಂಟರ್ನೆಟ್ ಶಿಷ್ಟಾಚಾರದ ದಾಖಲೆಯಲ್ಲೇ ಈ ಸಲಹೆ ಇದೆ: ಉತ್ತರ ಕೊಡುವಾಗ ಮೂಲದ ಸಾರಾಂಶ ಹೇಳಿ, ಇಲ್ಲವೇ ಸಂದರ್ಭ ತಿಳಿಯುವಷ್ಟು ಭಾಗ ಮಾತ್ರ ಇಟ್ಟುಕೊಳ್ಳಿ. ಅದಕ್ಕೂ ಮುಂಚೆ ಯೂಸ್‌ನೆಟ್ ಎಂಬ ಹಳೆಯ ಸಾರ್ವಜನಿಕ ಚರ್ಚಾ ಜಾಲದ ಕಾಲದಲ್ಲಿ ಕೆಲವು ಸಾಫ್ಟ್‌ವೇರ್‌ಗಳು ಇನ್ನೂ ಕಟ್ಟುನಿಟ್ಟಾಗಿದ್ದವು. ಹೊಸದಾಗಿ ಬರೆದ ಸಾಲಿಗಿಂತ ಕೋಟ್ ಮಾಡಿದ ಸಾಲು ಜಾಸ್ತಿ ಇದ್ದರೆ ಪೋಸ್ಟನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಜನ ಅದಕ್ಕೂ ದಾರಿ ಹುಡುಕಿದರು. ಅರ್ಥವಿಲ್ಲದ ಸಾಲುಗಳನ್ನು ಕೊನೆಗೆ ತುಂಬಿ ಲೆಕ್ಕ ಸರಿ ಮಾಡಿ ಕಳಿಸುತ್ತಿದ್ದರು! ಯಂತ್ರದ ಕೈಯಲ್ಲಿ ಶಿಷ್ಟಾಚಾರ ಕಲಿಸುವುದು ಕಷ್ಟ.

ಮೊದಲು ಆ ಲಿಸ್ಟಿನ ರೂಢಿ ನೋಡಿಕೊಳ್ಳಿ

ಸೇರಿದ ಕೂಡಲೇ ಬರೆಯಬೇಡಿ. ಆರ್ಕೈವಿನಲ್ಲಿ ಇತ್ತೀಚಿನ ಒಂದೆರಡು ಉದ್ದನೆಯ ಥ್ರೆಡ್ (ಒಂದೇ ವಿಷಯದ ಮೇಲ್ ಸರಣಿ) ಓದಿ. ಹಳಬರು ಹೇಗೆ ಉತ್ತರಿಸುತ್ತಾರೆ ಅಂತ ನೋಡಿ. ಸಾಮಾನ್ಯವಾಗಿ ಮೂರು ಬಗೆ ಕಾಣುತ್ತವೆ. ಉತ್ತರ ಮೇಲೆ, ಹಳೆಯದೆಲ್ಲ ಕೆಳಗೆ: ಇದು ಟಾಪ್ ಪೋಸ್ಟಿಂಗ್. ಹಳೆಯದೆಲ್ಲ ಮೇಲೆ, ಉತ್ತರ ಕೊನೆಗೆ: ಇದು ಬಾಟಮ್ ಪೋಸ್ಟಿಂಗ್. ಮೂರನೆಯದು ಇನ್‌ಲೈನ್. ಒಂದೊಂದು ಪ್ರಶ್ನೆಯನ್ನು ಉಳಿಸಿಕೊಂಡು ಅದರ ಕೆಳಗೇ ಉತ್ತರ ಬರೆಯುವುದು. ತಾಂತ್ರಿಕ ಲಿಸ್ಟುಗಳಲ್ಲಿ ಬಹುಪಾಲು ಕೇಳುವುದು ಈ ಮೂರನೆಯದನ್ನೇ. ಲಿನಕ್ಸ್ ಕರ್ನಲ್‌ನ ದಾಖಲೆಗಳಲ್ಲಿ ಇದನ್ನು ಬರೆದೇ ಇಟ್ಟಿದ್ದಾರೆ: ಟ್ರಿಮ್ ಮಾಡಿ, ಇನ್‌ಲೈನ್ ಆಗಿ ಉತ್ತರಿಸಿ. ಬೆಂಗಳೂರಿನಲ್ಲಿ ಕೂತು ಕರ್ನಲ್‌ಗೆ ಪ್ಯಾಚ್ (ಕೋಡಿಗೆ ಸೂಚಿಸುವ ಬದಲಾವಣೆ) ಕಳಿಸುವ ಇಂಜಿನಿಯರುಗಳು ಸಾಕಷ್ಟು ಮಂದಿ ಇದ್ದಾರೆ. ಬೆಳಿಗ್ಗೆ ಆಫೀಸಿನ ಮೇಲಿಗೆ ಒಂದು ಪದ್ಧತಿ, ಮಧ್ಯಾಹ್ನ ಕರ್ನಲ್ ಮೇಲಿಗೆ ಇನ್ನೊಂದು ಪದ್ಧತಿ ಅಂತ ಅವರು ಎರಡನ್ನೂ ರೂಢಿಸಿಕೊಂಡಿರುತ್ತಾರೆ.

ಎರಡು ವಿಷಯದಲ್ಲಿ ಲಿಸ್ಟಿನಿಂದ ಲಿಸ್ಟಿಗೆ ವ್ಯತ್ಯಾಸ ಇದೆ. ಇವನ್ನು ಮೊದಲೇ ತಿಳಿದುಕೊಂಡರೆ ಬೈಸಿಕೊಳ್ಳುವುದು ತಪ್ಪುತ್ತದೆ.

ಒಂದು, ಯಾವ ರಿಪ್ಲೈ ಬಟನ್ ಒತ್ತಬೇಕು ಅನ್ನುವುದು. ಕರ್ನಲ್ ಲಿಸ್ಟುಗಳಲ್ಲಿ ಸದಸ್ಯರಾಗದೆಯೂ ಮೇಲ್ ಕಳಿಸಬಹುದು. ಹಾಗಾಗಿ ಎಲ್ಲರಿಗೂ ರಿಪ್ಲೈ ಮಾಡಲೇಬೇಕು, ಇಲ್ಲದಿದ್ದರೆ ಕೇಳಿದವರಿಗೇ ಉತ್ತರ ಹೋಗದೆ ಇರಬಹುದು. ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಲಿಸ್ಟುಗಳಲ್ಲಿ ಇದು ಉಲ್ಟಾ. ಕೇಳಿದವರು ತಾವೇ ಬೇಕು ಅಂತ ಹೇಳದಿದ್ದರೆ ಅವರಿಗೆ ಬೇರೆಯಾಗಿ ಸಿಸಿ ಹಾಕಬಾರದು, ಲಿಸ್ಟಿಗೆ ಮಾತ್ರ ಕಳಿಸಬೇಕು. ಇನ್ನು ಕೆಲವು ಲಿಸ್ಟುಗಳಲ್ಲಿ ಮಾಮೂಲಿ ರಿಪ್ಲೈ ಒತ್ತಿದರೂ ಅದು ಲಿಸ್ಟಿಗೇ ಹೋಗುವಂತೆ ಸೆಟ್ ಮಾಡಿರುತ್ತಾರೆ. ಒಬ್ಬರಿಗೆ ಅಂತ ಬರೆದದ್ದು ಊರಿಗೆಲ್ಲ ಹೋದ ಉದಾಹರಣೆ ಪ್ರತಿ ಲಿಸ್ಟಿನಲ್ಲೂ ಸಿಗುತ್ತದೆ. ಕಳಿಸುವ ಮುಂಚೆ “ಟು” ಸಾಲು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಎರಡು, ಎಚ್‌ಟಿಎಮ್‌ಎಲ್. ಬಣ್ಣ, ದಪ್ಪಕ್ಷರ, ಚಿತ್ರ ಇರುವ ಮೇಲ್ ಅಂದರೆ ಎಚ್‌ಟಿಎಮ್‌ಎಲ್ ಮೇಲ್. ಕರ್ನಲ್ ಲಿಸ್ಟುಗಳು ಅದನ್ನು ಸ್ವೀಕರಿಸುವುದೇ ಇಲ್ಲ. ಡೆಬಿಯನ್ ಕೂಡ ಬೇಡ ಅನ್ನುತ್ತದೆ. ಬೇರೆ ಲಿಸ್ಟುಗಳಲ್ಲಿ ಹೋದರೂ, ನೀವು ಕೆಂಪು ಬಣ್ಣದಲ್ಲಿ ಬರೆದ ಉತ್ತರ ಆರ್ಕೈವಿನಲ್ಲಿ ಬಣ್ಣ ಕಳೆದುಕೊಳ್ಳುತ್ತದೆ. ಆಮೇಲೆ ನಿಮ್ಮ ಮಾತು ಯಾವುದು, ಅವರ ಮಾತು ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ. “ನನ್ನ ಉತ್ತರ ನೀಲಿಯಲ್ಲಿದೆ” ಅನ್ನುವ ಆಫೀಸಿನ ಪದ್ಧತಿಯನ್ನು ಇಲ್ಲಿ ಬಿಟ್ಟುಬಿಡಿ. ಸಾದಾ ಪಠ್ಯದಲ್ಲಿ ಸಾಲಿನ ಮೊದಲು ಬರುವ > ಚಿಹ್ನೆ ಸಾಕು.

ನಿಮ್ಮ ಮೇಲ್ ಪ್ರೋಗ್ರಾಂ ಸರಿಮಾಡಿಕೊಳ್ಳಿ

ಒಮ್ಮೆ ಮಾಡಿದರೆ ಆಯಿತು, ದಿನಾ ಮಾಡುವ ಕೆಲಸವಲ್ಲ.

ಮೇಲ್ ಪ್ರೋಗ್ರಾಂಗಳಲ್ಲಿ ಥಂಡರ್‌ಬರ್ಡ್ ಸುಲಭ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಕಾಂಪೊಸಿಷನ್ ವಿಭಾಗಕ್ಕೆ ಹೋಗಿ. ಎಚ್‌ಟಿಎಮ್‌ಎಲ್‌ನಲ್ಲಿ ಬರೆಯುವ ಆಯ್ಕೆಯ ಗುರುತು ತೆಗೆಯಿರಿ. ಕೋಟ್‌ನ ಕೆಳಗೆ ಉತ್ತರ ಶುರುವಾಗುವ ಆಯ್ಕೆ ಆರಿಸಿ. ಇದರಲ್ಲಿ ಎರಡು ಒಳ್ಳೆಯ ಅನುಕೂಲ ಇವೆ. ಓದುತ್ತಿರುವಾಗಲೇ ಬೇಕಾದ ಎರಡು ಸಾಲನ್ನು ಮೌಸಿನಲ್ಲಿ ಗುರುತು ಮಾಡಿ ರಿಪ್ಲೈ ಒತ್ತಿದರೆ ಅಷ್ಟು ಮಾತ್ರ ಕೋಟ್ ಆಗಿ ಬರುತ್ತದೆ. ಸಣ್ಣ ಉತ್ತರಕ್ಕೆ ಇದಕ್ಕಿಂತ ಬೇಗದ ದಾರಿ ಇಲ್ಲ. ಇನ್ನೊಂದು, ಕೋಟ್ ಆದ ಸಾಲುಗಳು ಒಡೆದು ಚೆಲ್ಲಾಪಿಲ್ಲಿಯಾಗಿದ್ದರೆ ಅವನ್ನು ಗುರುತು ಮಾಡಿ ಕಂಟ್ರೋಲ್ ಮತ್ತು ಆರ್ ಒತ್ತಿ. ಸಾಲುಗಳು > ಚಿಹ್ನೆ ಸಮೇತ ಮತ್ತೆ ನೇರವಾಗುತ್ತವೆ. ರಿಪ್ಲೈ ಲಿಸ್ಟ್ ಅನ್ನುವ ಪ್ರತ್ಯೇಕ ಬಟನ್ ಕೂಡ ಇದೆ.

ಜಿಮೇಲ್ ಹಳೆಯ ಮೇಲನ್ನು ಮೂರು ಚುಕ್ಕಿಯ ಹಿಂದೆ ಬಚ್ಚಿಡುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ನಿಮಗೆ ಕಾಣುವುದಿಲ್ಲ, ಆದರೆ ಎಲ್ಲರಿಗೂ ಹೋಗುತ್ತದೆ. ರಿಪ್ಲೈ ಒತ್ತಿದ ಮೇಲೆ ಆ ಮೂರು ಚುಕ್ಕಿಯನ್ನು ಒತ್ತಿ, ಅಡಗಿದ್ದದ್ದೆಲ್ಲ ಹೊರಗೆ ಬರುತ್ತದೆ. ನಂತರ ಬರೆಯುವ ಕಿಟಕಿಯ ಕೆಳಗಿನ ಸಾಲಿನ ಮೆನುವಿನಲ್ಲಿ ಪ್ಲೇನ್ ಟೆಕ್ಸ್ಟ್ ಮೋಡ್ ಆರಿಸಿ. ಈಗ > ಚಿಹ್ನೆಗಳು ಕಾಣುತ್ತವೆ, ಬೇಡದ್ದನ್ನು ಅಳಿಸಬಹುದು. ಫೋನಿನ ಜಿಮೇಲ್ ಆ್ಯಪ್ ಮಾತ್ರ ಎಚ್‌ಟಿಎಮ್‌ಎಲ್ ಬಿಟ್ಟು ಬೇರೆ ಕಳಿಸುವುದಿಲ್ಲ. ಕರ್ನಲ್‌ನಂಥ ಲಿಸ್ಟಿಗೆ ಅದರಿಂದ ಉತ್ತರ ಬರೆಯಲು ಹೋಗಬೇಡಿ. ಬೇರೆ ಲಿಸ್ಟುಗಳಿಗೂ, ಬಸ್ಸಿನಲ್ಲಿ ನಿಂತುಕೊಂಡು ಹೆಬ್ಬೆರಳಲ್ಲಿ ಮುನ್ನೂರು ಸಾಲು ಅಳಿಸುವ ಬದಲು ಮನೆಗೆ ಹೋಗಿ ಬರೆಯುವುದೇ ವಾಸಿ. ಲಿಸ್ಟಿನಲ್ಲಿ ಯಾರಿಗೂ ಅಷ್ಟು ಅರ್ಜೆಂಟ್ ಇರುವುದಿಲ್ಲ.

ಔಟ್‌ಲುಕ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ. ಹಳೆಯ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಆಪ್ಷನ್ಸ್, ಮೇಲ್, ರಿಪ್ಲೈಸ್ ಅಂಡ್ ಫಾರ್ವರ್ಡ್ಸ್ ಅಂತ ಹೋದರೆ, ಮೂಲದ ಪ್ರತಿ ಸಾಲಿನ ಮುಂದೆ ಚಿಹ್ನೆ ಹಾಕುವ ಆಯ್ಕೆ ಸಿಗುತ್ತದೆ. ಅದನ್ನು ಆರಿಸಿ, ಮೇಲ್ ಸಾದಾ ಪಠ್ಯದಲ್ಲಿ ಇರುವಂತೆ ನೋಡಿಕೊಳ್ಳಿ. ಆಫೀಸಿನ ವಿಳಾಸದಿಂದ ಬರೆದರೆ ಸರ್ವರ್ ತಾನಾಗಿ ಅಂಟಿಸುವ ಕಾನೂನು ಎಚ್ಚರಿಕೆ ನಿಮ್ಮ ಕೈಯಲ್ಲಿರುವುದಿಲ್ಲ. ಸಾರ್ವಜನಿಕ ಲಿಸ್ಟಿಗೆ “ಈ ಮೇಲ್ ಗೋಪ್ಯ” ಅಂತ ಕಳಿಸುವುದು ತಮಾಷೆಯಾಗಿ ಕಾಣುತ್ತದೆ, ಅಲ್ವಾ? ಲಿಸ್ಟಿಗೆ ಬೇರೆ ವಿಳಾಸ ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ಕತ್ತರಿ ಹಿಡಿಯೋಣ

ಒಂದು ಉದಾಹರಣೆ ಇಟ್ಟುಕೊಂಡು ಮಾಡಿ ನೋಡೋಣ. ‘ಕ’ ಅನ್ನುವವರು ಲಿಸ್ಟಿಗೆ ಹೀಗೆ ಬರೆದಿದ್ದಾರೆ ಅಂದುಕೊಳ್ಳಿ (ಐಬಸ್ ಅಂದರೆ ಲಿನಕ್ಸಿನಲ್ಲಿ ಬೇರೆ ಭಾಷೆ ಟೈಪ್ ಮಾಡುವ ಸಾಫ್ಟ್‌ವೇರ್, ಟರ್ಮಿನಲ್ ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ):

ಎಲ್ಲರಿಗೂ ನಮಸ್ಕಾರ,

ಹೋದ ವಾರ ಹಳೇ ಲ್ಯಾಪ್‌ಟಾಪ್‌ಗೆ ಡೆಬಿಯನ್ ಹಾಕಿಕೊಂಡೆ. ಒಟ್ಟಿನಲ್ಲಿ ಚೆನ್ನಾಗಿದೆ. ವೈಫೈ ಮೊದಲು ಸ್ವಲ್ಪ ಕಾಟ ಕೊಟ್ಟಿತು, ಈಗ ಸರಿಯಾಗಿದೆ. ಕನ್ನಡದ ವಿಷಯದಲ್ಲಿ ಮೂರು ತೊಂದರೆ ಇವೆ.

ಒಂದು, ನನಗೆ ನುಡಿಯ ಕೀಬೋರ್ಡ್ ವಿನ್ಯಾಸವೇ ಅಭ್ಯಾಸ. ಅದು ಇಲ್ಲಿ ಸಿಗುತ್ತದೆಯೇ? ಐಬಸ್ ಇನ್‌ಸ್ಟಾಲ್ ಆಗಿದೆ, ಆದರೆ ಪಟ್ಟಿಯಲ್ಲಿ ಆ ವಿನ್ಯಾಸ ಕಾಣುತ್ತಿಲ್ಲ.

ಎರಡು, ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ. ಬ್ರೌಸರಿನಲ್ಲಿ ಸರಿಯಾಗಿಯೇ ಇವೆ.

ಮೂರು, ಮುದ್ರಣಕ್ಕೆ ಹೊಂದುವ, ಮುಕ್ತ ಲೈಸೆನ್ಸಿನ ಕನ್ನಡ ಫಾಂಟ್ ಯಾವುದಾದರೂ ಇದ್ದರೆ ತಿಳಿಸಿ.

ವಂದನೆಗಳು,
ಕ
(ಇದರ ಕೆಳಗೆ ಹುದ್ದೆ, ಕಂಪನಿ, ಫೋನ್ ನಂಬರ್, ಒಂದು ಸುಭಾಷಿತ)

ನಿಮಗೆ ಮೂರಕ್ಕೂ ಉತ್ತರ ಗೊತ್ತು. ರಿಪ್ಲೈ ಒತ್ತಿದ ಕೂಡಲೇ ಬರೆಯಲು ಶುರು ಮಾಡಬೇಡಿ. ಕೆಳಗಿನಿಂದ ಮೇಲಕ್ಕೆ ಅಳಿಸುತ್ತಾ ಬನ್ನಿ. ಯಾಕೆಂದರೆ ಕಸ ಜಾಸ್ತಿ ಇರುವುದು ಕೆಳಗೆ. ಲಿಸ್ಟ್ ತಾನೇ ಸೇರಿಸುವ ಅಡಿಟಿಪ್ಪಣಿ ಹೋಗಲಿ. ಸುಭಾಷಿತ, ಹುದ್ದೆ, ಫೋನ್ ನಂಬರ್ ಹೋಗಲಿ. ಫೋನ್ ನಂಬರನ್ನಂತೂ ಮರೆಯದೆ ತೆಗೆಯಿರಿ. ಅವರು ಒಮ್ಮೆ ಹಾಕಿದ್ದು ಅವರ ಇಷ್ಟ, ಆರ್ಕೈವಿನಲ್ಲಿ ಅದನ್ನು ಹತ್ತು ಕಡೆ ಹರಡುವುದು ನಮ್ಮ ಕೆಲಸವಲ್ಲ. ನಂತರ “ವಂದನೆಗಳು”, ಆಮೇಲೆ ವೈಫೈ ಕಥೆ, ಕೊನೆಗೆ ನಮಸ್ಕಾರ. ಉಳಿದದ್ದು ಮೂರು ಪ್ರಶ್ನೆ. ಪ್ರತಿಯೊಂದರ ಕೆಳಗೆ ಒಂದು ಖಾಲಿ ಸಾಲು ಬಿಟ್ಟು ಬರೆಯಿರಿ:

ಸೋಮವಾರ ‘ಕ’ ಬರೆದದ್ದು:

\> ನನಗೆ ನುಡಿಯ ಕೀಬೋರ್ಡ್ ವಿನ್ಯಾಸವೇ ಅಭ್ಯಾಸ. ಅದು ಇಲ್ಲಿ ಸಿಗುತ್ತದೆಯೇ?
\> ಐಬಸ್ ಇನ್‌ಸ್ಟಾಲ್ ಆಗಿದೆ, ಆದರೆ ಪಟ್ಟಿಯಲ್ಲಿ ಆ ವಿನ್ಯಾಸ ಕಾಣುತ್ತಿಲ್ಲ.

ನಮಸ್ಕಾರ. ಐಬಸ್ ಜೊತೆಗೆ ಐಬಸ್-ಎಂ17ಎನ್ ಪ್ಯಾಕೇಜನ್ನೂ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಪಟ್ಟಿಯಲ್ಲಿ ಕನ್ನಡದ ಕೆಳಗೆ ಕೆಜಿಪಿ ಅಂತ ಇರುತ್ತದೆ. ನುಡಿ ಅಭ್ಯಾಸ ಇರುವವರು ಬಳಸುವುದು ಅದನ್ನೇ.

\> ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ.

ಬ್ರೌಸರಿನಲ್ಲಿ ಸರಿ ಇದೆ ಅಂದರೆ ಫಾಂಟಿನ ತಪ್ಪಿರಲಾರದು. ಹಲವು ಟರ್ಮಿನಲ್‌ಗಳಿಗೆ ಕನ್ನಡದ ಒತ್ತು ಜೋಡಿಸಲು ಬರುವುದಿಲ್ಲ. ಬೇರೆ ಟರ್ಮಿನಲ್ ಹಾಕಿ ನೋಡಿ.

\> ಮುದ್ರಣಕ್ಕೆ ಹೊಂದುವ, ಮುಕ್ತ ಲೈಸೆನ್ಸಿನ ಕನ್ನಡ ಫಾಂಟ್ ಯಾವುದಾದರೂ ಇದ್ದರೆ ತಿಳಿಸಿ.

ಫಾಂಟ್ಸ್-ಗುಬ್ಬಿ ಪ್ಯಾಕೇಜಿನಲ್ಲಿ ಗುಬ್ಬಿ ಫಾಂಟ್ ಬರುತ್ತದೆ. ಒಂದು ಪುಟ ಪ್ರಿಂಟ್ ತೆಗೆದು ನೋಡಿ.

ಇಲ್ಲಿ ಗಮನಿಸಬೇಕಾದದ್ದು ಕೆಲವಿದೆ. ಎರಡನೇ ಪ್ರಶ್ನೆಯಲ್ಲಿ ಬ್ರೌಸರಿನ ಮಾತು ಅಳಿಸಿದ್ದೇವೆ, ಆದರೆ ಉತ್ತರದಲ್ಲಿ ಅದನ್ನು ಎತ್ತಿಕೊಂಡಿದ್ದೇವೆ. ಹಾಗಾಗಿ ಓದುವವರಿಗೆ ಏನೂ ತಪ್ಪಿಹೋಗಲಿಲ್ಲ. ಮೂರನೇ ಪ್ರಶ್ನೆಯಲ್ಲಿ “ಮುದ್ರಣಕ್ಕೆ ಹೊಂದುವ” ಅನ್ನುವುದನ್ನು ಅಳಿಸಿದ್ದರೆ ಪ್ರಶ್ನೆಯೇ ಬೇರೆಯಾಗುತ್ತಿತ್ತು. ನಾಳೆ ಯಾರೋ ಬಂದು “ಮೊಬೈಲಿನಲ್ಲಿ ಓದಲು ಬೇರೆ ಫಾಂಟ್ ಚೆನ್ನಾಗಿದೆಯಲ್ಲ” ಅಂತ ವಾದ ಶುರು ಮಾಡುತ್ತಿದ್ದರು. ಒಂದು ವಾಕ್ಯದ ಒಳಗೆ ಪದ ಕತ್ತರಿಸುವಾಗ ಹತ್ತು ಸಲ ಯೋಚಿಸಿ. ಇಡೀ ವಾಕ್ಯ, ಇಡೀ ಪ್ಯಾರಾ ತೆಗೆಯುವುದರಲ್ಲಿ ಅಷ್ಟು ಅಪಾಯವಿಲ್ಲ.

ನಡುವೆ ತುಂಬಾ ತೆಗೆದಿದ್ದರೆ ಅಲ್ಲಿ [...] ಅಂತ ಗುರುತು ಹಾಕಿ. ಪ್ರತಿ ಸಣ್ಣ ಕತ್ತರಿಕೆಗೂ ಹಾಕಬೇಕಿಲ್ಲ. ತೆಗೆದ ಭಾಗದಲ್ಲಿ ವಾದದ ಒಂದು ಕೊಂಡಿ ಇತ್ತು ಅನ್ನಿಸಿದರೆ ಮಾತ್ರ ಹಾಕಿ, ಇಲ್ಲದಿದ್ದರೆ ಬಿಡಿ.

ಕೊನೆಯ ಉತ್ತರ ಬರೆದ ಮೇಲೆ ಅದರ ಕೆಳಗೆ ಏನೂ ಉಳಿಯಬಾರದು. ಇದನ್ನು ಬಹಳ ಜನ ಮರೆಯುತ್ತಾರೆ. ಮೇಲಿನ ಭಾಗ ಅಚ್ಚುಕಟ್ಟಾಗಿ ಕತ್ತರಿಸಿ, ತಮ್ಮ ಮಾತಿನ ಕೆಳಗೆ ನೂರು ಸಾಲು ಬಿಟ್ಟಿರುತ್ತಾರೆ. ಓದುವವರು ಇನ್ನೂ ಏನೋ ಉತ್ತರ ಇದೆ ಅಂತ ಕೊನೆಯವರೆಗೂ ಸ್ಕ್ರೋಲ್ ಮಾಡುತ್ತಾರೆ. ಏನೂ ಇರುವುದಿಲ್ಲ. ಕಣ್ಣು ಕಾಣದವರು ಸ್ಕ್ರೀನ್ ರೀಡರಿನಲ್ಲಿ ಓದಿಸಿಕೊಳ್ಳುತ್ತಿದ್ದರೆ ಇನ್ನೂ ಕಷ್ಟ. ಅವರು ಕಣ್ಣಾಡಿಸಿ ದಾಟಿ ಹೋಗುವಂತಿಲ್ಲ, ಸಾಲು ಸಾಲಾಗಿ ಕೇಳಬೇಕು. ಸೆಟ್ಟಿಂಗ್ ಹೇಗಿದೆ ಅನ್ನುವುದರ ಮೇಲೆ ಪ್ರತಿ ಸಾಲಿನ ಮುಂದಿನ > ಚಿಹ್ನೆಯನ್ನೂ ಅದು ಓದಿ ಹೇಳುತ್ತದೆ.

ಪ್ಯಾಚ್‌ಗೆ ಉತ್ತರ ಬರೆಯುವಾಗ

ಕೋಡ್ ವಿಮರ್ಶೆಯ ಲಿಸ್ಟುಗಳಲ್ಲಿ ಇದೇ ನಿಯಮ, ಆದರೆ ಪರಿಣಾಮ ದೊಡ್ಡದು. ಎಂಟುನೂರು ಸಾಲಿನ ಪ್ಯಾಚ್ ಬಂದಿದೆ, ನಿಮ್ಮ ಆಕ್ಷೇಪಣೆ ಒಂದು ಫಂಕ್ಷನ್ ಬಗ್ಗೆ ಮಾತ್ರ. ಇಡೀ ಪ್ಯಾಚ್ ಉಳಿಸಿಕೊಂಡು ನಡುವೆ ಎಲ್ಲೋ ಒಂದು ಸಾಲು ಬರೆದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ಯಾಚ್ ಬರೆದವರೇ ನೋಡದೆ ಹೋಗಬಹುದು. ಆಮೇಲೆ “ನಾನು ಹೇಳಿದ್ದೆನಲ್ಲ” ಅಂತ ಮನಸ್ತಾಪ.

ನೀವು ಮಾತಾಡುತ್ತಿರುವ ತುಂಡು ಮಾತ್ರ ಇಟ್ಟುಕೊಳ್ಳಿ. ಆದರೆ ಅದರ ಮೇಲಿನ ಫೈಲ್ ಹೆಸರಿನ ಸಾಲು, @@ ಇರುವ ಸಾಲು ಇವೆರಡನ್ನೂ ಅಳಿಸಬೇಡಿ. ಅವು ಇಲ್ಲದಿದ್ದರೆ ಆ ತುಂಡು ಯಾವ ಫೈಲಿನದು, ಎಲ್ಲಿಯದು ಅಂತ ತಿಳಿಯುವುದಿಲ್ಲ. ಕೋಟ್ ಆದ ಕೋಡಿನ ಸಾಲುಗಳನ್ನು ಮತ್ತೆ ಹೊಂದಿಸಲು ಹೋಗಬೇಡಿ. ಮಾತಿನ ಪ್ಯಾರಾಗಳಿಗೆ ಕಂಟ್ರೋಲ್-ಆರ್ ಒಳ್ಳೆಯದು, ಕೋಡಿಗೆ ಅದೇ ಕೇಡು. ಎರರ್ ಮೆಸೇಜ್ ಕೂಡ ಹಾಗೆಯೇ. ಅದನ್ನು ಇದ್ದ ಹಾಗೇ ಉಳಿಸಿ, ಕಾಗುಣಿತ ತಪ್ಪಿದ್ದರೂ ತಿದ್ದಬೇಡಿ. ನಾಳೆ ಅದೇ ತೊಂದರೆ ಬಂದವರು ಆರ್ಕೈವಿನಲ್ಲಿ ಹುಡುಕುವುದು ಆ ಸಾಲನ್ನೇ.

ಯಾರ ಮಾತು ಯಾರ ತಲೆಗೆ

“ಇಂಥವರು ಬರೆದದ್ದು” ಅನ್ನುವ ಸಾಲು ಸಣ್ಣದು, ಜಗಳ ಹುಟ್ಟಿಸುವುದರಲ್ಲಿ ದೊಡ್ಡದು. ಒಂದು > ಇದ್ದರೆ ನೀವು ಉತ್ತರಿಸುತ್ತಿರುವವರ ಮಾತು. ಎರಡು > ಇದ್ದರೆ ಅವರು ಕೋಟ್ ಮಾಡಿದವರ ಮಾತು. ಕತ್ತರಿಸುವಾಗ ‘ಕ’ ಅವರ ಮಾತೆಲ್ಲ ಹೋಗಿ, ಅವರು ಕೋಟ್ ಮಾಡಿದ್ದ ‘ಗ’ ಅವರದು ಮಾತ್ರ ಉಳಿದರೆ, ‘ಕ’ ಅವರ ಹೆಸರಿನ ಸಾಲನ್ನೂ ತೆಗೆಯಿರಿ. ಹೆಸರು ಉಳಿದು ಮಾತು ಹೋದರೆ, ಬೇರೆಯವರ ಮಾತು ಅವರ ತಲೆಗೆ ಬರುತ್ತದೆ. ಅವರು ಹೇಳದೇ ಇದ್ದದ್ದಕ್ಕೆ ಮೂರು ಜನ ಅವರ ಮೇಲೆ ಎಗರಿಬೀಳುತ್ತಾರೆ.

ಎರಡು ಹಂತಕ್ಕಿಂತ ಆಳ ಬೇಕಾಗುವುದು ಅಪರೂಪ. ನಾಲ್ಕು ಹಂತದ >>>> ಕಂಡರೆ ಆ ಇತಿಹಾಸವನ್ನು ಅಳಿಸಿ, “ಹಿಂದೆ ಸೂಚಿಸಿದ ಎರಡು ದಾರಿಗಳಲ್ಲಿ ಮೊದಲನೆಯದರ ಬಗ್ಗೆ ಹೇಳುತ್ತಿದ್ದೇನೆ” ಅಂತ ನಿಮ್ಮದೇ ಒಂದು ಸಾಲು ಬರೆಯಿರಿ. ಹಳೆಯ ಆರ್ಕೈವುಗಳಲ್ಲಿ ಒಮ್ಮೊಮ್ಮೆ ಯಾರೂ ಕೋಟ್ ಮಾಡದಿದ್ದರೂ ಸಾಲಿನ ಮುಂದೆ > ಕಾಣುತ್ತದೆ, ಇಂಗ್ಲಿಷಿನ “ಫ್ರಮ್” ಪದದಿಂದ ಶುರುವಾಗುವ ಸಾಲಿನಲ್ಲಿ. ಹಲವು ಮೇಲ್‌ಗಳನ್ನು ಒಟ್ಟಿಗೆ ಇಡುವ ಎಮ್‌ಬಾಕ್ಸ್ ಫೈಲುಗಳಲ್ಲಿ ಹೊಸ ಮೇಲ್ ಶುರುವಾಗುವುದು ಆ ಪದದಿಂದ. ಗೊಂದಲ ಆಗದಿರಲಿ ಅಂತ ಸಾಫ್ಟ್‌ವೇರ್ ತಾನೇ ಅದಕ್ಕೆ > ಅಂಟಿಸುತ್ತದೆ.

ಕೋಟ್ ಮಾಡಿದ ಪದವನ್ನು ಬದಲಿಸಬೇಡಿ. ತಿದ್ದಲೇಬೇಕಾದರೆ ಚೌಕ ಕಂಸದೊಳಗೆ ಹಾಕಿ. ನಿಮಗೆ ಖಾಸಗಿಯಾಗಿ ಬಂದ ಮೇಲನ್ನು ಕೇಳದೆ ಲಿಸ್ಟಿಗೆ ತರಬೇಡಿ, ಎಷ್ಟೇ ಚೆನ್ನಾಗಿ ಟ್ರಿಮ್ ಮಾಡಿದ್ದರೂ.

ಸಬ್ಜೆಕ್ಟ್ ಸಾಲು, ಥ್ರೆಡ್, ಡೈಜೆಸ್ಟ್

ಹೊಸ ವಿಷಯ ಎತ್ತಬೇಕಾದರೆ ಹೊಸ ಮೇಲ್ ಬರೆಯಿರಿ. ಲಿಸ್ಟಿನ ವಿಳಾಸ ಸುಲಭವಾಗಿ ಸಿಗುತ್ತದೆ ಅಂತ ಯಾವುದೋ ಹಳೆಯ ಮೇಲಿಗೆ ರಿಪ್ಲೈ ಒತ್ತಿ, ಸಬ್ಜೆಕ್ಟ್ ಬದಲಿಸಿ, ಒಳಗಿನದೆಲ್ಲ ಅಳಿಸಿ ಕಳಿಸುವವರಿದ್ದಾರೆ. ಮೇಲ್ನೋಟಕ್ಕೆ ಹೊಸದಾಗಿ ಕಾಣುತ್ತದೆ. ಆದರೆ ಪ್ರತಿ ಮೇಲಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಯಾವುದಕ್ಕೆ ಉತ್ತರ ಅನ್ನುವುದು ನಮಗೆ ಕಾಣದ ಹೆಡರಿನಲ್ಲಿ ಆ ಸಂಖ್ಯೆಯ ರೂಪದಲ್ಲಿ ಉಳಿಯುತ್ತದೆ. ಥ್ರೆಡ್ ಜೋಡಿಸುವ ಬಹುತೇಕ ಪ್ರೋಗ್ರಾಂಗಳು ನೋಡುವುದು ಅದನ್ನು. ನಿಮ್ಮ ಹೊಸ ಪ್ರಶ್ನೆ ಹಳೆಯ ಜಗಳದ ಹನ್ನೊಂದನೇ ಕೊಂಬೆಯಲ್ಲಿ ಹೋಗಿ ಕೂರುತ್ತದೆ. ಆ ಜಗಳವನ್ನು ಮ್ಯೂಟ್ ಮಾಡಿದವರಿಗೆ ನಿಮ್ಮ ಪ್ರಶ್ನೆ ಕಾಣುವುದೇ ಇಲ್ಲ. ಜಿಮೇಲ್ ಸಬ್ಜೆಕ್ಟ್ ಬದಲಾದರೆ ಬೇರೆ ಸಂಭಾಷಣೆ ಅಂತ ತೋರಿಸುತ್ತದೆ. ಜಿಮೇಲ್ ಬಳಸುವವರಿಗೆ ಈ ತೊಂದರೆ ಗೊತ್ತೇ ಆಗದಿರುವುದು ಅದಕ್ಕೇ.

ಮಾತು ನಿಜವಾಗಿಯೂ ಬೇರೆ ಕಡೆ ತಿರುಗಿದ್ದರೆ ರಿಪ್ಲೈಯಲ್ಲೇ ಸಬ್ಜೆಕ್ಟ್ ಬದಲಿಸಬಹುದು. “ಟರ್ಮಿನಲ್‌ನಲ್ಲಿ ಒತ್ತಕ್ಷರ (ಹಿಂದೆ: ಡೆಬಿಯನ್‌ನಲ್ಲಿ ಕನ್ನಡ)” ಅಂತ ಬರೆದರೆ ಎರಡೂ ಕಡೆಯವರಿಗೆ ಅರ್ಥವಾಗುತ್ತದೆ. ಅದರ ಮುಂದಿನ ಉತ್ತರದಲ್ಲಿ ಆ ಕಂಸ ತೆಗೆದುಬಿಡಿ.

ಡೈಜೆಸ್ಟ್ ತರಿಸಿಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ದಿನದ ಎಲ್ಲ ಮೇಲ್‌ಗಳು ಒಂದೇ ಕಟ್ಟಾಗಿ ಬರುತ್ತವೆ. ಅದಕ್ಕೆ ರಿಪ್ಲೈ ಒತ್ತಿದರೆ ಸಬ್ಜೆಕ್ಟ್‌ನಲ್ಲಿ ಡೈಜೆಸ್ಟಿನ ಸಂಪುಟ, ಸಂಚಿಕೆ ಸಂಖ್ಯೆ ಬರುತ್ತದೆ, ಒಳಗೆ ಹದಿನೈದು ಮೇಲ್ ಬರುತ್ತವೆ. ಲಿಸ್ಟ್ ನಡೆಸುವ ಮೇಲ್‌ಮ್ಯಾನ್ ಸಾಫ್ಟ್‌ವೇರ್ ಪ್ರತಿ ಡೈಜೆಸ್ಟಿನ ತಲೆಯಲ್ಲೇ “ಸಬ್ಜೆಕ್ಟ್ ಬದಲಿಸಿ” ಅಂತ ಬೇಡಿಕೊಳ್ಳುತ್ತದೆ, ಯಾರೂ ಓದುವುದಿಲ್ಲ. ಉತ್ತರಿಸುವ ಅಭ್ಯಾಸ ಇದ್ದರೆ ಡೈಜೆಸ್ಟ್ ನಿಲ್ಲಿಸಿ, ಬಿಡಿಬಿಡಿಯಾಗಿ ಮೇಲ್‌ಗಳನ್ನೇ ತರಿಸಿಕೊಳ್ಳಿ. ಬರೀ ಓದುವವರಿಗೆ ಡೈಜೆಸ್ಟ್ ಸರಿ.

ಕನ್ನಡದಲ್ಲಿ ಬರೆಯುವವರಿಗೆ

ಕನ್ನಡದ ಮೇಲ್ ಟ್ರಿಮ್ ಮಾಡಲು ಇನ್ನೊಂದು ಕಾರಣವೂ ಇದೆ. ಅದು ಬರೀ ಲೆಕ್ಕಾಚಾರ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8ರಲ್ಲಿ (ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರಿನಲ್ಲಿ ಇಡುವ ಪದ್ಧತಿ) ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ‘ಕ್ಷಿ’ ಅನ್ನುವುದು ಕಣ್ಣಿಗೆ ಒಂದು, ಒಳಗೆ ಕ, ವಿರಾಮ, ಷ, ಇಕಾರ ಅಂತ ನಾಲ್ಕು ಸಂಕೇತ, ಒಟ್ಟು 12 ಬೈಟ್. ಇದರ ಮೇಲೆ ಜಿಮೇಲ್ ಕನ್ನಡದ ಮೇಲನ್ನು ಸಾಮಾನ್ಯವಾಗಿ ಬೇಸ್64 ರೂಪಕ್ಕೆ, ಅಂದರೆ ಸಾದಾ ಇಂಗ್ಲಿಷ್ ಅಕ್ಷರ, ಅಂಕಿಗಳ ರೂಪಕ್ಕೆ ತಿರುಗಿಸುತ್ತದೆ. ಮೂರು ಬೈಟ್ ನಾಲ್ಕಾಗುತ್ತದೆ. ಮೇಲ್‌ಮ್ಯಾನ್ 2ರಲ್ಲಿ ಒಂದು ಮೇಲ್‌ನ ಗಾತ್ರಕ್ಕೆ ಮಾಮೂಲಿ ಮಿತಿ 40 ಕೆಬಿ. ಅಂದರೆ ಇಂಗ್ಲಿಷಿನಲ್ಲಿ ನಲವತ್ತು ಸಾವಿರ ಅಕ್ಷರ ಹಿಡಿಸುವ ಜಾಗದಲ್ಲಿ ಕನ್ನಡದ ಹತ್ತು ಸಾವಿರ ಸಂಕೇತ ಮಾತ್ರ. ಪದದ ಲೆಕ್ಕದಲ್ಲಿ ಸಾವಿರದ ಆಸುಪಾಸು. ಮೇಲ್ ಎಚ್‌ಟಿಎಮ್‌ಎಲ್ ಆಗಿದ್ದರೆ ಅದರಲ್ಲಿ ಎರಡು ಪ್ರತಿ ಇರುತ್ತವೆ, ಇನ್ನೂ ಬೇಗ ತುಂಬುತ್ತದೆ. ಮಿತಿ ದಾಟಿದ ಮೇಲ್ ಲಿಸ್ಟ್ ನೋಡಿಕೊಳ್ಳುವ ಮಾಡರೇಟರ್ ಹತ್ತಿರ ಹೋಗಿ ಕೂರುತ್ತದೆ. ಅವರು ವಾರಕ್ಕೊಮ್ಮೆ ನೋಡುವವರಾದರೆ ನಿಮ್ಮ ಉತ್ತರವೂ ವಾರದ ಮೇಲೆಯೇ. “ನನ್ನ ಮೇಲ್ ಮಾತ್ರ ಯಾಕೆ ಬರುತ್ತಿಲ್ಲ” ಅನ್ನುವ ದೂರಿಗೆ ಎಷ್ಟೋ ಸಲ ಕಾರಣ ಇದೇ, ಕತ್ತರಿಸದ ಬಾಲ.

ಸಾಲಿನ ಉದ್ದದ ವಿಷಯ. ಸಾಲಿಗೆ 72 ಅಕ್ಷರ ಅಂತ ಹಳೆಯ ಸಲಹೆ ಇದೆ. ಕೋಟ್ ಆದಾಗ > ಸೇರಿಸಲು ಜಾಗ ಉಳಿಯಲಿ ಅಂತ. ಕನ್ನಡದಲ್ಲಿ ಈ ಎಣಿಕೆಗೆ ಅರ್ಥವಿಲ್ಲ, ಒಂದೊಂದು ಅಕ್ಷರ ಒಂದೊಂದು ಅಗಲ. ಸಾಲು ಕಣ್ಣಿಗೆ ಹಿತವಾಗಿದ್ದರೆ ಸಾಕು, ಉಳಿದದ್ದನ್ನು ಪ್ರೋಗ್ರಾಂಗೆ ಬಿಡಿ.

ಇನ್ನೊಂದು ಮುಜುಗರ ನಮ್ಮಲ್ಲಿದೆ. ಹಿರಿಯರೊಬ್ಬರು ಬರೆದ ಮೇಲನ್ನು ಕತ್ತರಿಸಿ, ಅವರ ನಮಸ್ಕಾರವನ್ನೂ ಅಳಿಸಿ, ನಡುನಡುವೆ ನಮ್ಮ ಮಾತು ತೂರಿಸುವುದು ಅಗೌರವ ಅನ್ನಿಸುತ್ತದೆ. ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕಿದ ಹಾಗೆ. ಹಾಗಾಗಿ ಅಷ್ಟನ್ನೂ ಕೆಳಗೆ ಬಿಟ್ಟು ಮೇಲೆ ಎರಡು ಸಾಲು ಬರೆದು ಮುಗಿಸುತ್ತಾರೆ. ಗೌರವವನ್ನು ನಿಮ್ಮ ಮಾತಿನಲ್ಲಿ ತೋರಿಸಿ. ಮೊದಲ ಸಾಲಿನಲ್ಲಿ “ನಮಸ್ಕಾರ ಸರ್” ಅಥವಾ “ನಮಸ್ಕಾರ ಮೇಡಂ” ಅಂತ ಬರೆಯಿರಿ, “ನೀವು ಹೇಳಿದ ಎರಡನೇ ಅಂಶದ ಬಗ್ಗೆ” ಅನ್ನಿ. ಅವರ ಮಾತನ್ನು ಆರಿಸಿ, ಅದರ ಕೆಳಗೇ ಉತ್ತರ ಕೊಟ್ಟರೆ ಅವರ ಮೇಲನ್ನು ನೀವು ಪೂರ್ತಿ ಓದಿದ್ದೀರಿ ಅಂತ ಅವರಿಗೆ ಕಾಣುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಭಿನ್ನಾಭಿಪ್ರಾಯದ ಮೇಲಿಗೆ ವಾಕ್ಯ ವಾಕ್ಯಕ್ಕೂ ಇನ್‌ಲೈನ್ ಉತ್ತರ ಕೊಡಬೇಡಿ. ಅದು ಪಾಟೀಸವಾಲಿನಂತೆ ಓದಿಸಿಕೊಳ್ಳುತ್ತದೆ. ಅವರ ಮುಖ್ಯ ವಾದವನ್ನು ಒಂದು ಕಡೆ ಕೋಟ್ ಮಾಡಿ, ಒಟ್ಟಾಗಿ ಉತ್ತರಿಸಿ.

ಮೇಲೇ ಬರೆದರೆ ತಪ್ಪಿಲ್ಲದ ಸಂದರ್ಭಗಳು

ಲಿಸ್ಟಿಗೆ ಹೊಸಬರನ್ನು ಸಿಸಿ ಮಾಡಿ “ಕೆಳಗಿನ ಚರ್ಚೆ ನೋಡಿ, ನಿಮ್ಮ ಅಭಿಪ್ರಾಯ ಬೇಕು” ಅಂತ ಕರೆಯುವಾಗ ಮೇಲೆ ಬರೆಯುವುದೇ ಸರಿ. ಫಾರ್ವರ್ಡ್ ಮಾಡುವಾಗಲೂ ಹಾಗೆಯೇ. ಕೆಲವು ಲಿಸ್ಟುಗಳಲ್ಲಿ, ಮುಖ್ಯವಾಗಿ ಅಪಾರ್ಟ್‌ಮೆಂಟ್ ಸಂಘ, ಹಳೆಯ ವಿದ್ಯಾರ್ಥಿಗಳ ಗುಂಪು ಇಂಥ ಕಡೆ, ಎಲ್ಲರೂ ಮೇಲೇ ಬರೆಯುತ್ತಾರೆ. ಅಲ್ಲಿ ನೀವೊಬ್ಬರೇ ಇನ್‌ಲೈನ್ ಬರೆದರೆ ಉತ್ತರ ಮೂರು ಚುಕ್ಕಿಯ ಹಿಂದೆ ಅಡಗಿ ಯಾರಿಗೂ ಕಾಣದೆ ಹೋಗಬಹುದು. ಅಲ್ಲಿಯ ರೂಢಿಯಂತೆ ನಡೆಯಿರಿ, ಕೆಳಗಿನ ಬಾಲವನ್ನು ಮಾತ್ರ ಸುಮ್ನೆ ಕತ್ತರಿಸಿ.

“ಥ್ಯಾಂಕ್ಸ್” ಒಂದೇ ಹೇಳುವುದಿದ್ದರೆ ಸಹಾಯ ಮಾಡಿದವರಿಗೆ ನೇರವಾಗಿ ಬರೆಯಿರಿ. ಆದರೆ ಅವರು ಹೇಳಿದ್ದನ್ನು ಮಾಡಿ ತೊಂದರೆ ಸರಿಹೋಗಿದ್ದರೆ ಲಿಸ್ಟಿಗೇ ಹೇಳಿ: ಅವರ ಆ ಒಂದು ಸಾಲು ಕೋಟ್ ಮಾಡಿ, “ಇದನ್ನು ಮಾಡಿದೆ, ಸರಿಹೋಯಿತು” ಅಂತ. ಆರ್ಕೈವಿನಲ್ಲಿ ಹುಡುಕಿ ಬರುವವರಿಗೆ ಇಡೀ ಥ್ರೆಡ್ಡಿನಲ್ಲಿ ಬೇಕಾಗಿರುವ ಮೇಲ್ ಅದೊಂದೇ.

ಬೇರೆಯವರು ಕತ್ತರಿಸದೆ ಕಳಿಸಿದಾಗ

ಲಿಸ್ಟಿನಲ್ಲೇ ಪಾಠ ಹೇಳಬೇಡಿ. ಒಬ್ಬರು ಬಾಲ ಬಿಟ್ಟು ಕಳಿಸಿದ್ದಕ್ಕೆ ನಾಲ್ಕು ಜನ ಉಪದೇಶ ಮಾಡಿ, ಅದಕ್ಕೆ ಆರು ಜನ ವಾದ ಮಾಡಿದರೆ ಮೂಲ ಪ್ರಶ್ನೆ ಅಲ್ಲೇ ಸಾಯುತ್ತದೆ. ಅವರ ಮೇಲಿಗೆ ನೀವು ಉತ್ತರ ಬರೆಯುವಾಗ ನೀವೇ ಸರಿಯಾಗಿ ಕತ್ತರಿಸಿ. ಅವರು ಮೇಲೆ ಬರೆದಿದ್ದರೆ ಅವರ ಸಾಲನ್ನು ಸಂಬಂಧಪಟ್ಟ ಪ್ರಶ್ನೆಯ ಕೆಳಗೆ ಸರಿಸಿ, > ಚಿಹ್ನೆಗಳು ಸರಿಯಾಗಿವೆಯೇ ನೋಡಿ, ಅದರ ಕೆಳಗೆ ನಿಮ್ಮದು ಬರೆಯಿರಿ. ಎರಡು ಮೂರು ಸಲ ಹೀಗಾದರೆ ಬಹಳ ಜನ ತಾವಾಗಿಯೇ ಗಮನಿಸುತ್ತಾರೆ.

ಗಮನಿಸದವರಿಗೆ ಖಾಸಗಿಯಾಗಿ ಬರೆಯಿರಿ, ಅವರ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ. ಇಷ್ಟು ಸಾಕು: “ನಿಮ್ಮ ಪ್ರಶ್ನೆಗೆ ಲಿಸ್ಟಿನಲ್ಲಿ ಉತ್ತರ ಹಾಕಿದ್ದೇನೆ, ನೋಡಿ. ಒಂದು ಸಣ್ಣ ವಿಷಯ: ನೀವು ಜಿಮೇಲ್‌ನಲ್ಲಿ ಬರೆಯುತ್ತಿದ್ದರೆ ಹಳೆಯ ಮೇಲ್‌ಗಳೆಲ್ಲ ಮೂರು ಚುಕ್ಕಿಯ ಹಿಂದೆ ಇರುತ್ತವೆ, ನಿಮಗೆ ಕಾಣುವುದಿಲ್ಲ. ಕಳಿಸುವ ಮುಂಚೆ ಅದನ್ನು ಒತ್ತಿ, ಬೇಡದ್ದನ್ನು ಅಳಿಸಿದರೆ ನಿಮ್ಮ ಮಾತು ಎಲ್ಲರಿಗೂ ಬೇಗ ಕಾಣುತ್ತದೆ.”